ಕಿವಿ ಮುಟ್ಟಿದರೆ ಗುರ್ ಅನ್ನುವ ಗುಂಡ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ವರ್ಷದ ಕಾಕರ್ ಸ್ಪ್ಯಾನಿಯೆಲ್ ಇದೆ, ಹೆಸರು ಗುಂಡ. ಕಳೆದ ಮಳೆಗಾಲದಿಂದ ಮತ್ತೆ ಮತ್ತೆ ಕಿವಿ ಸೋಂಕಾಗುತ್ತಿದೆ. ಡಾಕ್ಟರು ಕಿವಿ ತೊಳೆಯುವ ದ್ರಾವಣ ಮತ್ತು ಡ್ರಾಪ್ಸ್ ಕೊಟ್ಟಿದ್ದಾರೆ. ಮೊದಮೊದಲು ಸುಮ್ಮನಿರುತ್ತಿದ್ದ. ಈಗ ಬಾಟಲಿ ಕಂಡ ಕೂಡಲೇ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ನಮ್ಮವರು ಗಟ್ಟಿಯಾಗಿ ಹಿಡಿದುಕೊಳ್ಳುವುದು, ನಾನು ಔಷಧಿ ಬಿಡುವುದು, ಹೀಗೆ ನಡೆದಿತ್ತು. ಹೋದ ವಾರ ಗುರ್ ಅಂದು ನಮ್ಮವರ ಕೈಗೆ ಬಾಯಿ ಹಾಕಲು ಬಂದ, ಕಚ್ಚಲಿಲ್ಲ. ಈಗ ನಾನು ಸುಮ್ನೆ ತಲೆ ಸವರಲು ಹೋದರೂ ಹಿಂದೆ ಸರಿಯುತ್ತಾನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರೆ ಸಾಕು ಅನ್ನುತ್ತಾರೆ ಅತ್ತೆ. ಒಂಬತ್ತು ವರ್ಷದ ಮಗಳೂ ಇದ್ದಾಳೆ, ಅದೇ ನನಗೆ ಭಯ. ಏನು ಮಾಡಲಿ?

ಉತ್ತರ: ಇವತ್ತಿನಿಂದಲೇ ಒಂದು ಕೆಲಸ ನಿಲ್ಲಿಸಿ. ಗುಂಡನನ್ನು ಅದುಮಿ ಹಿಡಿದು ಕಿವಿಗೆ ಔಷಧಿ ಬಿಡುವುದು ಇನ್ನು ಬೇಡ. ಅಭ್ಯಾಸ ಮಾಡಿಸುವುದು ಹೇಗೆ ಅಂತ ಆಮೇಲೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಅವನ ಕಿವಿಯನ್ನು ಇನ್ನೊಮ್ಮೆ ಡಾಕ್ಟರಿಗೆ ತೋರಿಸಬೇಕು. ಮೊದಲು ಸುಮ್ಮನೆ ಕೂರುತ್ತಿದ್ದ ನಾಯಿ ಈಗ ಕಿವಿ ಮುಟ್ಟಲೂ ಬಿಡುವುದಿಲ್ಲ ಅಂದರೆ, ಹೆಚ್ಚಿನ ಸಲ ಅಲ್ಲಿ ನೋವಿದೆ ಎಂದೇ ಅರ್ಥ. ನೋವು ಹಾಗೇ ಇಟ್ಟುಕೊಂಡು ಎಷ್ಟು ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿದರೂ ಪ್ರಯೋಜನವಿಲ್ಲ. ಮುಟ್ಟಿದಾಗಲೆಲ್ಲ ನೋಯುತ್ತದೆ, ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಗುರ್ ಅಂದಿದ್ದಕ್ಕೆ ಅವನನ್ನು ಬೈಯಬೇಡಿ. ಮನೆಯಲ್ಲಿ ಬೇರೆ ಯಾರೂ ಬೈಯದಂತೆಯೂ ನೋಡಿಕೊಳ್ಳಿ. ಗುಂಡ ಕಚ್ಚಲಿಲ್ಲ ಎಂದು ನೀವೇ ಬರೆದಿದ್ದೀರಿ. ಕಚ್ಚುವ ಮನಸ್ಸಿದ್ದಿದ್ದರೆ ಅಷ್ಟು ಹತ್ತಿರದಲ್ಲಿದ್ದ ಕೈ ಅವನಿಗೆ ತಪ್ಪುತ್ತಿರಲಿಲ್ಲ. 'ಸಾಕು, ಬಿಡಿ' ಎಂದು ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದ, ಅಷ್ಟೇ. ಅದನ್ನು ಗದರಿಸಿ ಅಡಗಿಸಿದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಕೊಡುವುದು ಮಾತ್ರ ನಿಂತುಹೋಗುತ್ತದೆ. 'ಏನೂ ಸೂಚನೆ ಕೊಡದೆ ಒಮ್ಮೆಲೇ ಕಚ್ಚಿಬಿಟ್ಟಿತು' ಅನ್ನುವ ಎಷ್ಟೋ ನಾಯಿಗಳ ಹಿಂದಿನ ಕತೆ ಕೇಳಿದರೆ, ಗುರ್ ಅಂದಾಗೆಲ್ಲ ಪೆಟ್ಟು ತಿಂದ ನಾಯಿಗಳು ಅವು.

ಗುರ್ ಅನ್ನುವುದಕ್ಕೂ ಮೊದಲು ಅವನು ಬೇರೆ ರೀತಿಯಲ್ಲಿ ಹೇಳಿಯೇ ಇರುತ್ತಾನೆ. ಮುಖ ಪಕ್ಕಕ್ಕೆ ತಿರುಗಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲ ಒಳಗೆ ಸೇರಿಸುವುದು. ಇವುಗಳಲ್ಲಿ ಜನ ಜಾಸ್ತಿ ತಪ್ಪು ತಿಳಿಯುವುದು ಮೈ ಬಿಗಿಹಿಡಿದು ಕದಲದೆ ನಿಲ್ಲುವುದನ್ನು. 'ನೋಡಿ, ಈಗ ಸುಮ್ನಾದ' ಅಂತ ಮುಂದುವರಿಸುತ್ತಾರೆ. ಅದು ಒಪ್ಪಿಕೊಂಡು ಸುಮ್ಮನಾದದ್ದಲ್ಲ, ಹೆದರಿ ಕಲ್ಲಾದದ್ದು. ಬಾಯಿ ಗಟ್ಟಿಯಾಗಿ ಮುಚ್ಚಿದ್ದರೆ, ಉಸಿರು ಬಿಗಿಹಿಡಿದಿದ್ದರೆ, ಕೊಟ್ಟ ತಿಂಡಿಯನ್ನು ತಿನ್ನದಿದ್ದರೆ ಕೈ ತೆಗೆಯಿರಿ.

ಈಗ ಕಿವಿಯ ವಿಷಯ. ನಮ್ಮ ಕಿವಿಯ ಕೊಳವೆ ಹೆಚ್ಚುಕಡಿಮೆ ನೇರವಾಗಿ ಒಳಗೆ ಹೋಗುತ್ತದೆ. ನಾಯಿಯದ್ದು ಹಾಗಲ್ಲ. ಮೇಲಿನಿಂದ ಕೆಳಕ್ಕೆ ಇಳಿದು, ಆಮೇಲೆ ತಲೆಯ ಒಳಬದಿಗೆ ಅಡ್ಡ ತಿರುಗುತ್ತದೆ, ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ. ಕಿವಿಯ ತಮಟೆ ಇರುವುದು ಆ ತಿರುವಿನ ಆಚೆ, ಕೊನೆಯಲ್ಲಿ. ಹಾಗಾಗಿ ಒಳಗೆ ಸೇರಿದ ನೀರು, ಗುಗ್ಗೆ ತಾನಾಗಿ ಹೊರಬರುವುದು ಕಷ್ಟ. ಕಾಕರ್‌ಗಳಿಗೆ ಇದರ ಮೇಲೆ ಇನ್ನೂ ಎರಡು ತೊಂದರೆ. ಜೋಲುಗಿವಿ ಮುಚ್ಚಿಕೊಂಡಿರುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ಗುಗ್ಗೆ ಸುರಿಸುವ ಗ್ರಂಥಿಗಳೂ ಈ ತಳಿಯಲ್ಲಿ ಜಾಸ್ತಿ. ಬೆಚ್ಚಗೆ, ತೇವವಾಗಿ, ಜಿಡ್ಡು ಜಿಡ್ಡಾಗಿರುವ ಆ ಜಾಗದಲ್ಲಿ ಮಲಸೇಜಿಯ ಅನ್ನುವ ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮನೆಯ ಬಟ್ಟೆಯೇ ಒಣಗುವುದಿಲ್ಲ, ಇನ್ನು ನಾಯಿಯ ಕಿವಿಯೊಳಗೆ ಹೇಗಿರುತ್ತದೆ ಯೋಚಿಸಿ.

ಆದರೆ ಮಳೆಯೊಂದನ್ನೇ ದೂರಿ ಸುಮ್ಮನಾಗಬೇಡಿ. ಮತ್ತೆ ಮತ್ತೆ ಬರುವ ಕಿವಿ ಸೋಂಕಿನ ಹಿಂದೆ ಬಹಳ ಸಲ ಅಲರ್ಜಿ ಇರುತ್ತದೆ. ಧೂಳಿನ ನುಸಿಗೋ, ಪರಾಗಕ್ಕೋ, ಆಹಾರದಲ್ಲಿರುವ ಯಾವುದೋ ಒಂದಕ್ಕೋ. ಗುಂಡ ಪಾದ ನೆಕ್ಕುತ್ತಲೇ ಇರುತ್ತಾನಾ? ಹೊಟ್ಟೆ, ಕಂಕುಳ ಕೆಂಪಗಿದೆಯಾ? ಮುಖವನ್ನು ನೆಲಕ್ಕೆ, ಸೋಫಾಕ್ಕೆ ಉಜ್ಜುತ್ತಾನಾ? ಹೌದಾದರೆ ಡಾಕ್ಟರಿಗೆ ಇದನ್ನೂ ತಪ್ಪದೆ ಹೇಳಿ. ಅಲರ್ಜಿಗೆ ಮದ್ದು ಮಾಡದೆ ಕಿವಿಯನ್ನು ಮಾತ್ರ ತೊಳೆಯುತ್ತಿದ್ದರೆ ಈ ಸರಣಿ ಮುಗಿಯುವುದಿಲ್ಲ. ತೋಟ, ಬೇಣದಲ್ಲಿ ಓಡಾಡುವ ನಾಯಿಯಾದರೆ ಹುಲ್ಲಿನ ಮುಳ್ಳೋ, ರಕ್ತ ಹೀರುವ ಉಣ್ಣೆಹುಳವೋ ಒಳಗೆ ಸೇರಿರುವುದೂ ಉಂಟು.

ಡಾಕ್ಟರ ಹತ್ತಿರ ಹೋಗುವ ದಿನ, ಅದರ ಹಿಂದಿನ ದಿನ ಕಿವಿ ಒರೆಸಬೇಡಿ. ಕೊಳಕು ಇದ್ದಹಾಗೇ ಕರೆದುಕೊಂಡು ಹೋಗಿ. ಒಳಗಿನ ಗುಗ್ಗೆಯನ್ನು ಸ್ವಲ್ಪ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ಯೀಸ್ಟೋ, ಬ್ಯಾಕ್ಟೀರಿಯಾವೋ, ಕಿವಿ ನುಸಿಯೋ ಗೊತ್ತಾಗುತ್ತದೆ. ಪ್ರತಿಯೊಂದಕ್ಕೂ ಮದ್ದು ಬೇರೆ. ಹೋದ ಸಲದ ಡ್ರಾಪ್ಸ್ ಉಳಿದಿದೆ ಎಂದು ಈ ಸಲವೂ ಅದನ್ನೇ ಬಿಡುವುದು ಅದಕ್ಕೇ ಸರಿಯಲ್ಲ. ಎರಡನೆಯದು, ತಮಟೆ ಹರಿದಿಲ್ಲ ತಾನೇ ಎಂದು ನೋಡಲು ಕೇಳಿಕೊಳ್ಳಿ. ತಮಟೆಯಲ್ಲಿ ತೂತಿದ್ದರೆ ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣ, ಜೆಂಟಾಮೈಸಿನ್ ಇರುವ ಡ್ರಾಪ್ಸ್ ಒಳಕಿವಿಗೆ ಇಳಿದು ಕೇಳುವ ಶಕ್ತಿಗೇ ಹಾನಿ ಮಾಡಬಹುದು. ನೋವಿನಿಂದ ಗುಂಡ ನೋಡಲು ಬಿಡದಿದ್ದರೆ, ಮಂಪರು ಕೊಟ್ಟು ನೋಡಿ ಅಲ್ಲೇ ಒಮ್ಮೆ ಪೂರ್ತಿ ತೊಳೆದುಬಿಡುವುದು ಒಳ್ಳೆಯದು. ಮಂಪರು ಅಂದರೆ ಜನ ಹೆದರುತ್ತಾರೆ. ನಾಲ್ಕು ಜನ ಅದುಮಿ ಹಿಡಿದು ತೊಳೆಯುವುದಕ್ಕಿಂತ ಅದು ನಾಯಿಗೆ ಎಷ್ಟೋ ಹಿತ. ಆ ಹೊತ್ತಿನ ಹೆದರಿಕೆಯೂ ಅದಕ್ಕೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ.

ಮೂರನೆಯದಾಗಿ, ನೋವಿಗೆ ಏನಾದರೂ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಕಿವಿಯ ಕೊಳವೆ ಊದಿ ಮುಚ್ಚಿಕೊಂಡಿದ್ದರೆ ಡ್ರಾಪ್ಸ್ ಒಳಗೆ ಇಳಿಯುವುದೇ ಇಲ್ಲ, ಮೊದಲು ಊತ ಇಳಿಸುವ ಮಾತ್ರೆ ಬೇಕಾಗುತ್ತದೆ. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ಹೊಟ್ಟೆಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು. ಕೊನೆಯದಾಗಿ ಒಂದು ಮಾತು ಕೇಳಿ: ದಿನಾ ಹಾಕುವ ಡ್ರಾಪ್ಸ್ ಬದಲು, ಆಸ್ಪತ್ರೆಯಲ್ಲೇ ಒಂದು ಸಲ ಹಾಕಿದರೆ, ಅಥವಾ ವಾರದ ಅಂತರದಲ್ಲಿ ಎರಡು ಸಲ ಹಾಕಿದರೆ ಸಾಕಾಗುವ ಔಷಧಿ ಸಿಗುತ್ತದಾ? ಅಂಥ ಔಷಧಿಗಳು ಇವೆ. ಸಿಕ್ಕಿದರೆ ನಿಮ್ಮ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಅಭ್ಯಾಸ ಮಾಡಿಸಲು ಬೇಕಾದ ಸಮಯವೂ ನಿಮಗೆ ಸಿಗುತ್ತದೆ.

ಇಷ್ಟಕ್ಕೂ ಕಾಯಬಾರದ ಕೆಲವು ಸಂದರ್ಭಗಳಿವೆ. ತಲೆ ಒಂದು ಕಡೆಗೆ ವಾಲಿಸಿಕೊಂಡೇ ಇದ್ದರೆ, ನಡೆಯುವಾಗ ಜೋಲಿ ಹೊಡೆದರೆ, ಕಣ್ಣುಗುಡ್ಡೆ ಪಕ್ಕದಿಂದ ಪಕ್ಕಕ್ಕೆ ಅದುರುತ್ತಿದ್ದರೆ, ಕಿವಿಯ ಹಾಲೆ ಒಮ್ಮೆಲೇ ಊದಿಕೊಂಡರೆ, ಬಾಯಿ ತೆರೆಯಲು ನೋವಾಗಿ ಊಟ ಬಿಟ್ಟರೆ ಅದೇ ದಿನ ತೋರಿಸಿ.

ಅತ್ತೆಯವರ ಬೆಳ್ಳುಳ್ಳಿ ಎಣ್ಣೆಯ ಬಗ್ಗೆ. ಅವರ ಕಾಳಜಿ ನಿಜ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಕಿವಿನೋವಿಗೂ ಇದನ್ನೇ ಮಾಡುತ್ತಿದ್ದರಲ್ವಾ. ಆದರೆ ಎಣ್ಣೆ ಆ ತಿರುವಿನಲ್ಲಿ ನಿಂತು ಗುಗ್ಗೆಯ ಜೊತೆ ಸೇರಿ ಅಂಟಾಗುತ್ತದೆ. ಮಲಸೇಜಿಯ ಯೀಸ್ಟಿಗೆ ಜಿಡ್ಡೇ ಆಹಾರ. ಬೆಳ್ಳುಳ್ಳಿ ಕೆಂಪಾದ ಚರ್ಮವನ್ನು ಇನ್ನೂ ಸುಡುತ್ತದೆ, ನೆಕ್ಕಿ ಹೊಟ್ಟೆಗೆ ಹೋದರೂ ನಾಯಿಗೆ ಒಳ್ಳೆಯದಲ್ಲ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ವಿನೆಗರ್ ಇವೂ ಬೇಡ. ಹುಣ್ಣಾದ ಕಿವಿಗೆ ಇವೆಲ್ಲ ಉರಿ. ಒಂದೇ ಒಂದು ಸಲ ಉರಿದರೂ ನಾಯಿ ಅದನ್ನು ಮರೆಯುವುದಿಲ್ಲ. ಅತ್ತೆಗೆ ಬೇರೆ ಕೆಲಸ ಕೊಡಿ, ಅಭ್ಯಾಸದ ಹೊತ್ತಿನಲ್ಲಿ ತಿಂಡಿ ಕೊಡುವ ಕೆಲಸ ಅವರದ್ದಾಗಲಿ. ಅದು ನಿಜಕ್ಕೂ ಮುಖ್ಯವಾದ ಕೆಲಸ, ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಅಭ್ಯಾಸ ಶುರು ಮಾಡುವುದು ಕಿವಿಯಿಂದಲ್ಲ. ಕಿವಿಯ ಹತ್ತಿರ ಹೋಗುವ ಮೊದಲು ನೀವು ಅವನ ಜೊತೆ ಒಂದು ಒಪ್ಪಂದಕ್ಕೆ ಬರಬೇಕು. ಅವನು ಗದ್ದ ಇಟ್ಟರೆ ನೀವು ಮುಟ್ಟುತ್ತೀರಿ, ಗದ್ದ ಎತ್ತಿದರೆ ನೀವು ಬಿಡುತ್ತೀರಿ. ಇಷ್ಟೇ ಒಪ್ಪಂದ. ಇದನ್ನು ಒಮ್ಮೆಯೂ ಮುರಿಯಬಾರದು.

ಕುಳ್ಳ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಕಿ. ಗುಂಡ ನಿಂತಾಗಲೋ ಕೂತಾಗಲೋ ತಲೆ ಬಗ್ಗಿಸದೆ ಗದ್ದ ಇಡುವಷ್ಟು ಎತ್ತರ ಸಾಕು. ಕೈಯಲ್ಲಿ ತಿಂಡಿ ಹಿಡಿದು ಟವೆಲಿನ ಆಚೆ ಬದಿಗೆ ತನ್ನಿ. ಅದನ್ನು ಮೂಸಲು ಬಂದವನ ಗದ್ದ ಟವೆಲಿಗೆ ತಾಗುತ್ತದೆ. ತಾಗಿದ ಕ್ಷಣವೇ 'ಭೇಷ್' ಅನ್ನಿ, ತಿಂಡಿ ಕೊಡಿ. ಕೈಯಿಂದ ತಲೆ ಒತ್ತಿ ಗದ್ದ ಇಡಿಸಬೇಡಿ, ಹಾಗೆ ಮಾಡಿದರೆ ಇಡೀ ಆಟಕ್ಕೆ ಅರ್ಥವೇ ಇರುವುದಿಲ್ಲ. ಕೆಲವೇ ಸಲದಲ್ಲಿ ಅವನಿಗೆ ವಿಷಯ ಗೊತ್ತಾಗುತ್ತದೆ: ಇಲ್ಲಿ ಗದ್ದ ಇಟ್ಟರೆ ಕೋಳಿ ಬರುತ್ತದೆ. ಆಮೇಲೆ ಒಂದು ಸೆಕೆಂಡು ಇಟ್ಟರೆ ಕೊಡಿ, ಮೂರು ಸೆಕೆಂಡು ಇಟ್ಟರೆ ಕೊಡಿ, ಹತ್ತು ಸೆಕೆಂಡಿಗೆ ಬನ್ನಿ. ಒಂದೊಂದು ಪಾಠ ಎರಡು ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ದಿನಕ್ಕೆ ಎರಡು ಹೊತ್ತು ಸಾಕು. ಅವನಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ಮುಗಿಸಿಬಿಡಿ.

ಗದ್ದ ಇಡುವುದು ಹಿಡಿಸದಿದ್ದರೆ ಇನ್ನೊಂದು ದಾರಿ ಇದೆ. ಲಂಡನ್ನಿನ ತರಬೇತುದಾರ ಚಿರಾಗ್ ಪಟೇಲ್ ರೂಪಿಸಿದ 'ಬಕೆಟ್ ಗೇಮ್'. ಒಂದು ಡಬ್ಬಿಯಲ್ಲಿ ತಿಂಡಿ ಹಾಕಿ ನಾಯಿಗೆ ಕಾಣುವಂತೆ ಸ್ವಲ್ಪ ದೂರ ಇಡುವುದು. ನಾಯಿ ಡಬ್ಬಿಯನ್ನೇ ನೋಡುತ್ತಿದ್ದರೆ ನೀವು ಮುಟ್ಟಬಹುದು. ಅದು ಡಬ್ಬಿಯಿಂದ ಕಣ್ಣು ತೆಗೆದು ನಿಮ್ಮ ಕಡೆಗೋ ಬೇರೆ ಕಡೆಗೋ ನೋಡಿದ ಕೂಡಲೇ ನಿಲ್ಲಿಸಬೇಕು. ತತ್ವ ಅದೇ. ಬೇಡ ಅಂದರೆ ನಿಲ್ಲುತ್ತಾರೆ ಎಂಬ ನಂಬಿಕೆ ಬಂದ ನಾಯಿ, ಬೇಡ ಅನ್ನುವುದನ್ನೇ ಕಡಿಮೆ ಮಾಡುತ್ತದೆ. ಹೇಳಿದರೆ ನಂಬುವುದು ಕಷ್ಟ, ಮಾಡಿ ನೋಡಿ.

ತಿಂಡಿ ಯಾವುದು ಅನ್ನುವುದರಲ್ಲಿ ಜಿಪುಣತನ ಬೇಡ. ದಿನಾ ಸಿಗುವ ಒಣ ಆಹಾರದ ಕಾಳು ಇಲ್ಲಿ ನಡೆಯುವುದಿಲ್ಲ. ಬೇಯಿಸಿದ ಕೋಳಿ ಅಥವಾ ಮೊಟ್ಟೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಮಾಂಸ ಮಾಡದಿದ್ದರೆ ಪನೀರ್, ಗಟ್ಟಿ ಮೊಸರು ಚೆನ್ನಾಗಿರುತ್ತದೆ. ಆಹಾರದ ಅಲರ್ಜಿ ಇರಬಹುದು ಎಂದು ಡಾಕ್ಟರು ಹೇಳಿದ್ದರೆ ಯಾವುದು ಕೊಡಬಹುದು ಎಂದು ಅವರನ್ನೇ ಕೇಳಿ. ಮೆತ್ತಗಿರುವುದೇ ಇರಲಿ. ಕಿವಿ ನೋಯುವ ನಾಯಿಗೆ ಗಟ್ಟಿ ಬಿಸ್ಕೆಟ್ ಅಗಿಯುವಾಗ ದವಡೆ ಆಡಿದರೂ ನೋವು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಸಾರಿನ ತುಂಡು ಯಾವತ್ತೂ ಬೇಡ.

ಗದ್ದ ನಿಲ್ಲತೊಡಗಿದ ಮೇಲೆ ಮುಟ್ಟುವ ಪಾಠ. ಮೊದಲು ಭುಜ. ಒಂದು ಸೆಕೆಂಡು ಮುಟ್ಟಿ, ಕೈ ತೆಗೆಯಿರಿ, ತಿಂಡಿ. ಹಾಗೇ ಕುತ್ತಿಗೆಯ ಪಕ್ಕ, ಕೆನ್ನೆ, ಕಿವಿಯ ಹಾಲೆಯ ತುದಿ, ಹಾಲೆಯ ಮೇಲ್ಭಾಗ, ಕಿವಿಯ ಬುಡ. ಇದರ ನಂತರವೇ ಹಾಲೆಯನ್ನು ಸ್ವಲ್ಪ ಎತ್ತುವುದು. ಹಾಲೆಯನ್ನು ಹಿಂದಕ್ಕೆ ಮಡಿಸಿ ಒಳಗೆ ಬೆಳಕು ಬೀಳುವಷ್ಟು ತೆರೆಯುವುದು ಬೇರೆಯೇ ಒಂದು ಹೆಜ್ಜೆ, ಎತ್ತಲು ಬಿಟ್ಟ ಎಂದು ಅದನ್ನೂ ಕೂಡಲೇ ಮಾಡಬೇಡಿ. ಗುಂಡ ಈಗ ತಲೆ ಸವರಲು ಹೋದರೂ ಸರಿಯುತ್ತಾನಲ್ಲ, ಹಾಗಾಗಿ ನಿಮ್ಮ ವಿಷಯದಲ್ಲಿ ಭುಜವೇ ಜಾಸ್ತಿ ಆದರೂ ಆಗಬಹುದು. ಹಾಗಿದ್ದರೆ ಕೈಯನ್ನು ಅವನತ್ತ ಅರ್ಧ ದಾರಿ ತಂದು ಹಿಂದೆ ತೆಗೆದುಕೊಂಡು ತಿಂಡಿ ಕೊಡುವುದರಿಂದ ಶುರು ಮಾಡಿ. ನಿಧಾನ ಅನ್ನಿಸುತ್ತದೆ, ಆದರೂ ದಾರಿ ಇದೇ.

ಸೋಂಕು ಬರದ ಕಿವಿ, ಅಥವಾ ಮೊದಲು ವಾಸಿಯಾದ ಕಿವಿ ಯಾವುದೋ ಅದರಿಂದ ಪಾಠ ಶುರುವಾಗಲಿ. ನೋಯುವ ಕಿವಿಯನ್ನು ಡಾಕ್ಟರು ವಾಸಿಯಾಯಿತು ಅನ್ನುವವರೆಗೆ ಈ ಆಟದೊಳಗೆ ತರಬೇಡಿ.

ಇನ್ನು ಬಾಟಲಿ. ನಿಮ್ಮ ಕಷ್ಟದ ಬೇರು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನವರು ಮಾಡುವುದು ಹೀಗೆ: ಒಂದು ಕೈಯಲ್ಲಿ ತಿಂಡಿ ತೋರಿಸಿ ನಾಯಿಯನ್ನು ಹತ್ತಿರ ಕರೆಯುತ್ತಾರೆ, ಬಂದ ಮೇಲೆ ಬೆನ್ನ ಹಿಂದಿನಿಂದ ಬಾಟಲಿ ತೆಗೆಯುತ್ತಾರೆ. ನಾಯಿ ಇದರಿಂದ ಕಲಿಯುವುದು 'ಕೋಳಿ ಕಂಡರೆ ಓಡಬೇಕು' ಅಂತ. ಒಳ್ಳೆಯ ತಿಂಡಿಯೇ ಕೆಟ್ಟ ಸುದ್ದಿಯಾಗಿಬಿಡುತ್ತದೆ. ಯಾವುದು ಮೊದಲು ಬರುತ್ತದೋ ಅದು ಆಮೇಲೆ ಬರುವುದರ ಸೂಚನೆಯಾಗುತ್ತದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟದ್ದು ಇದನ್ನೇ. ಆದ್ದರಿಂದ ಮೊದಲು ಬಾಟಲಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ಬಾಟಲಿ ಮರೆಯಾದರೆ ತಿಂಡಿಯೂ ನಿಲ್ಲಬೇಕು. ತಿಂಡಿಯನ್ನು ಅತ್ತೆಯವರು ಕೊಡಲಿ ಅಂದಿದ್ದು ಇದಕ್ಕೇ. ಎರಡನ್ನೂ ಒಬ್ಬರೇ ಮಾಡಲು ಹೋದರೆ ಕೈ ತಡವರಿಸಿ ಈ ಹಿಂದುಮುಂದು ತಪ್ಪಿಹೋಗುತ್ತದೆ.

ಹಳೇ ಬಾಟಲಿ ಬೇಡ. ಅದರ ಬಣ್ಣ, ವಾಸನೆ, ಮುಚ್ಚಳದ ಸದ್ದು ಎಲ್ಲವೂ ಗುಂಡನಿಗೆ ಗೊತ್ತು. ಬೇರೆ ಆಕಾರದ ಖಾಲಿ ಬಾಟಲಿ ತೊಳೆದು ಒಣಗಿಸಿ ಅದರಲ್ಲಿ ಶುರು ಮಾಡಿ. ಕೋಣೆಯೂ ಬೇರೆಯಾಗಲಿ. ಮಂಚವಿರುವ ಕೋಣೆ ಅವನು ಅಡಗುವ ಜಾಗವಾಗಿ ಉಳಿಯಲಿ, ಅಲ್ಲಿಂದ ಅವನನ್ನು ಎಳೆದು ತರುವುದು ಯಾವತ್ತೂ ಬೇಡ. ನೀವು ಜಗಲಿಯಲ್ಲಿ ಕೂತಿರಿ, ಬಾಟಲಿಯನ್ನು ಆರೇಳು ಅಡಿ ದೂರದಲ್ಲಿ ನೆಲದ ಮೇಲಿಡಿ. ಅವನು ಅದರತ್ತ ನೋಡಿದ ಕೂಡಲೇ ತಿಂಡಿ. ಕೆಲವು ಸಲ ಹೀಗಾದ ಮೇಲೆ ಬಾಟಲಿ ನೋಡಿದವನು ತಾನೇ ತಿರುಗಿ 'ತಿಂಡಿ ಎಲ್ಲಿ' ಎನ್ನುವ ಹಾಗೆ ನಿಮ್ಮ ಮುಖ ನೋಡುತ್ತಾನೆ. ಕಾಯುತ್ತಿದ್ದ ಘಳಿಗೆ ಅದೇ. ಇನ್ನು ಒಂದಡಿ ಹತ್ತಿರ ತರಬಹುದು.

ಹತ್ತಿರ ಬಂದ ಮೇಲೆ, ಬಾಟಲಿ ಕೈಯಲ್ಲಿ ಹಿಡಿಯುವುದು, ಅವನ ಭುಜಕ್ಕೆ ತಾಗಿಸುವುದು, ಮುಚ್ಚಳ ತೆಗೆಯುವ ಸದ್ದು ಕೇಳಿಸುವುದು, ಕಿವಿಯ ಹತ್ತಿರ ತಂದು ಹಿಂದೆ ತೆಗೆಯುವುದು, ಹಾಲೆಯ ಹೊರಭಾಗಕ್ಕೆ ತಾಗಿಸುವುದು. ಪ್ರತಿ ಹೆಜ್ಜೆಗೂ ಐದಾರು ಸಲ, ಪ್ರತಿ ಸಲವೂ ತಿಂಡಿ. ಗದ್ದ ಎತ್ತಿದರೆ ಬಾಟಲಿ ತಕ್ಷಣ ಕೆಳಗೆ. ಎರಡು ಸಲ ಸತತ ಗದ್ದ ಎತ್ತಿದ ಅಂದರೆ ನೀವು ಬೇಗ ಹೋಗಿದ್ದೀರಿ, ಹಿಂದಿನ ಹೆಜ್ಜೆಗೆ ಬನ್ನಿ.

ಬಾಟಲಿ ಅಮುಕಿದಾಗ ಬರುವ ಪಿಚಕ್ ಅನ್ನುವ ಸದ್ದು ನಮಗೆ ಏನೂ ಅಲ್ಲ. ಕಿವಿಯೊಳಗೇ ಅದು ಆದಾಗ ನಾಯಿಗೆ ಅದು ದೊಡ್ಡ ಸದ್ದು, ಜೊತೆಗೆ ತಣ್ಣನೆಯ ದ್ರವ. ನೋವಿಲ್ಲದ ನಾಯಿಯೂ ಹೌಹಾರುವುದು ಈ ಎರಡಕ್ಕೆ. ಇದನ್ನು ಹೆಚ್ಚಿನಮಟ್ಟಿಗೆ ತಪ್ಪಿಸಬಹುದು. ಬಾಟಲಿಯನ್ನು ಅಂಗೈಯಲ್ಲಿ ಹಿಡಿದೋ, ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಕೆಲವು ನಿಮಿಷ ನಿಲ್ಲಿಸಿಯೋ ದ್ರಾವಣದ ಚಳಿ ಬಿಡಿಸಿ. ನಿಮ್ಮ ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಆಮೇಲೆ ಬಾಟಲಿಯಿಂದ ನೇರ ಕಿವಿಗೆ ಸುರಿಯುವ ಬದಲು ಹತ್ತಿಯ ಉಂಡೆಯನ್ನು ದ್ರಾವಣದಲ್ಲಿ ಚೆನ್ನಾಗಿ ನೆನೆಸಿ. ಅದನ್ನು ಕಿವಿಯ ಬಾಯಲ್ಲಿ ಇಟ್ಟು ಹೊರಗಿನಿಂದ ಮೆಲ್ಲಗೆ ಒತ್ತಿದರೆ ದ್ರಾವಣ ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಹತ್ತಿ ದೊಡ್ಡದಿರಲಿ, ಒಳಗೆ ಜಾರಿಹೋಗುವಷ್ಟು ಸಣ್ಣದು ಬೇಡ. ಅಳೆದು ಬಿಡಬೇಕಾದ ಡ್ರಾಪ್ಸ್‌ಗೆ ಈ ಉಪಾಯ ಬರುವುದಿಲ್ಲ, ಹತ್ತಿಯೇ ಅರ್ಧ ಕುಡಿದುಬಿಡುತ್ತದೆ. ತೊಳೆಯುವ ದ್ರಾವಣಕ್ಕೆ ಮಾತ್ರ.

ದ್ರಾವಣ ಇಳಿದ ಮೇಲೆ ಕಿವಿಯ ಬುಡವನ್ನು, ಅಂದರೆ ದವಡೆಯ ಮೂಲೆಯ ಮೇಲೆ ಗಟ್ಟಿ ಕೊಳವೆಯಂತೆ ಕೈಗೆ ಸಿಗುವ ಜಾಗವನ್ನು, ಬೆರಳುಗಳಿಂದ ಇಪ್ಪತ್ತು ಮೂವತ್ತು ಸೆಕೆಂಡು ಮೆತ್ತಗೆ ಉಜ್ಜಿ. ಒಳಗೆ ಪಚಪಚ ಸದ್ದು ಕೇಳಿಸಿದರೆ ದ್ರಾವಣ ತಲುಪಿದೆ ಎಂದು ಅರ್ಥ. ಕಿವಿ ಆರೋಗ್ಯವಾಗಿದ್ದರೆ ಈ ಉಜ್ಜುವುದು ಎಷ್ಟೋ ನಾಯಿಗಳಿಗೆ ಇಷ್ಟ, ತಲೆಯನ್ನು ಕೈಗೆ ಒತ್ತಿಕೊಡುತ್ತವೆ. ಕುಂಯ್‌ಗುಟ್ಟಿದರೆ ನೋವಿದೆ, ನಿಲ್ಲಿಸಿ. ಆಮೇಲೆ ಕೈಬಿಟ್ಟು ಹಿಂದೆ ಸರಿಯಿರಿ, ಅವನು ತಲೆ ಕೊಡವಲಿ. ಆ ತಿರುವಿನ ಒಳಗಿನ ಕೊಳೆ ಮೇಲಕ್ಕೆ ಬರುವುದು ಕೊಡವುವುದರಿಂದಲೇ, ಬೇಡ ಅಂತ ಹಿಡಿಯಬೇಡಿ. ಕೊಡವಿದ ಮೇಲೆ ಬೆರಳಿಗೆ ಗಾಜ್ ಬಟ್ಟೆಯೋ ಹತ್ತಿಯೋ ಸುತ್ತಿ, ನಿಮ್ಮ ಬೆರಳು ತಾನಾಗಿ ಹೋಗುವಷ್ಟೇ ದೂರ ಒರೆಸಿ. ಬಡ್ಸ್ ಹಾಕಿ ಕೆದಕಬೇಡಿ. ಬಡ್ಸ್ ಕೊಳೆಯನ್ನು ತೆಗೆಯುವುದಿಲ್ಲ, ತಿರುವಿನ ಆಚೆಗೆ ತಳ್ಳುತ್ತದೆ. ನಾಯಿ ಒಮ್ಮೆ ತಲೆ ಆಡಿಸಿದರೆ ಒಳಗೆ ಗಾಯ.

ಇದೆಲ್ಲ ಎಷ್ಟು ದಿನ ಹಿಡಿಯುತ್ತದೆ ಎಂದರೆ, ಕೆಲವು ನಾಯಿಗಳಿಗೆ ಎರಡು ವಾರ, ಕೆಲವಕ್ಕೆ ಎರಡು ತಿಂಗಳು. ಗುಂಡನಿಗೆ ಕೆಟ್ಟ ನೆನಪು ಇರುವುದರಿಂದ ಎರಡನೆಯದಕ್ಕೆ ತಯಾರಾಗಿ. ಅಷ್ಟರಲ್ಲಿ ನಿಜವಾದ ಔಷಧಿ ಹಾಕಲೇಬೇಕು ಅಂದರೆ? ಆಗ ಎರಡನ್ನೂ ಬೆರೆಸಬೇಡಿ. ಗದ್ದ ಇಡುವ ಟವೆಲ್, ಸ್ಟೂಲ್, ಜಗಲಿ, 'ಭೇಷ್' ಅನ್ನುವ ಮಾತು ಇವು ಯಾವುದೂ ಆ ಹೊತ್ತಿನಲ್ಲಿ ಇರಬಾರದು. ಸಾಧ್ಯವಾದರೆ ಆಸ್ಪತ್ರೆಯಲ್ಲೇ ಹಾಕಿಸಿ. ಮನೆಯಲ್ಲೇ ಹಾಕಬೇಕಾದರೆ ಬೇರೆ ಜಾಗ, ಬೇರೆ ಮಾತು. ಹೆದರಿಕೆ ಇಳಿಸುವ ಮಾತ್ರೆ, ಗ್ಯಾಬಪೆಂಟಿನ್, ಟ್ರಾಜೊಡೋನ್ ಇಂಥವನ್ನು ಡಾಕ್ಟರು ತೂಕ ನೋಡಿ ಬರೆದುಕೊಡಬಹುದು, ಕೇಳಲು ಹಿಂಜರಿಯಬೇಡಿ. ತಟ್ಟೆಗೆ ಮೊಸರು ಸವರಿ ಅದನ್ನು ಅವನು ನೆಕ್ಕುತ್ತಿರುವಾಗ ಒಬ್ಬರು ಪಕ್ಕದಲ್ಲಿ ಕೂತು ಎದೆಗೆ ಕೈ ಕೊಟ್ಟರೆ ಸಾಕು. ಕುತ್ತಿಗೆಯ ಪಟ್ಟಿ ಹಿಡಿದು ಜಗ್ಗುವುದು, ಮಗುಚಿ ಮಲಗಿಸುವುದು ಬೇಡ.

ಬಾಯಿಗೆ ಹಾಕುವ ಕುಕ್ಕೆ, ಅದೇ ಮಝಲ್, ಅದರ ಬಗ್ಗೆಯೂ ಯೋಚಿಸಿ. ಬಿಗಿಯಾಗಿ ಕಟ್ಟುವ ಬಟ್ಟೆಯದ್ದಲ್ಲ. ಬಾಯಿ ತೆರೆದು ಏದುಸಿರು ಬಿಡಲು, ತಿಂಡಿ ತಿನ್ನಲು ಜಾಗವಿರುವ ಬುಟ್ಟಿಯಂಥದ್ದು. ಅದರೊಳಗೆ ಪನೀರ್ ಇಟ್ಟು ತಾನಾಗಿ ಮೂತಿ ಹಾಕುವುದನ್ನು ಈಗಿನಿಂದಲೇ ಕಲಿಸಿದರೆ ಆಸ್ಪತ್ರೆಗೆ ಹೋಗುವ ದಿನ ಎಲ್ಲರಿಗೂ ಧೈರ್ಯ. ಕುಕ್ಕೆ ಇದೆ ಎಂದು ಬಲವಂತ ಮಾಡಲು ಮಾತ್ರ ಹೋಗಬೇಡಿ. ಗುಂಡನ ರೇಬೀಸ್ ಲಸಿಕೆ ತಪ್ಪಿಲ್ಲ ತಾನೇ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮಗಳ ವಿಷಯದಲ್ಲಿ ನಿಮ್ಮ ಭಯ ನ್ಯಾಯವಾದದ್ದು. ಕಿವಿ ವಾಸಿಯಾಗುವವರೆಗೆ ಅವಳು ಗುಂಡನ ತಲೆ, ಕುತ್ತಿಗೆ ತಬ್ಬಿಕೊಳ್ಳುವುದು ಬೇಡ. ಅವನು ಮಂಚದ ಕೆಳಗಿದ್ದಾಗ ಬಗ್ಗಿ ಕೈಹಾಕುವುದಂತೂ ಬೇಡವೇ ಬೇಡ. ಅವಳನ್ನು ದೂರ ಇಡಿ ಎಂದು ನಾನು ಹೇಳುತ್ತಿಲ್ಲ. ನೀವು ಪಕ್ಕದಲ್ಲಿ ಇರುವಾಗ ತಿಂಡಿಯನ್ನು ನೆಲದ ಮೇಲೆ ಹಾಕಲಿ, ಚೆಂಡು ಎಸೆಯಲಿ. ಅವನು ಮೂಗು ನೆಕ್ಕಿಕೊಂಡನಾ, ಆಕಳಿಸಿದನಾ, ಮುಖ ತಿರುಗಿಸಿದನಾ ಎಂದು ಗಮನಿಸುವ ಕೆಲಸ ಅವಳಿಗೇ ಕೊಡಿ. ಮಕ್ಕಳ ಕಣ್ಣು ಇದರಲ್ಲಿ ನಮಗಿಂತ ಚುರುಕು. ಕಿವಿ ಮುಟ್ಟುವ ಅಭ್ಯಾಸ ಮಾತ್ರ ದೊಡ್ಡವರದ್ದು.

ಮತ್ತೆ ನಿಮ್ಮನ್ನು ಕಂಡರೂ ಸರಿಯುತ್ತಾನೆ ಎಂಬ ಬೇಸರ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಸದ್ಯಕ್ಕೆ ಕೆಲವು ದಿನ ಅವನತ್ತ ಕೈ ಚಾಚಬೇಡಿ. ನೀವು ಕೂತಲ್ಲಿ ಕೂತಿರಿ, ಅವನೇ ಬಂದರೆ ಎದೆಯನ್ನೋ ಬೆನ್ನನ್ನೋ ಸವರಿ, ತಲೆಯ ಮೇಲಿನಿಂದ ಕೈ ತರಬೇಡಿ. ಎರಡು ಮೂರು ಸಲ ಸವರಿ ಕೈ ತೆಗೆಯಿರಿ. ಇನ್ನೂ ಬೇಕಾದರೆ ಮೂತಿಯಿಂದ ತಳ್ಳಿ ಕೇಳುತ್ತಾನೆ. ಅವನಿಗೆ ದ್ವೇಷ ನಿಮ್ಮ ಮೇಲಲ್ಲ, ಆ ಕೈ ಮುಂದೆ ಏನು ಮಾಡುತ್ತದೋ ಗೊತ್ತಿಲ್ಲ ಎಂಬುದು ಅವನ ಕಷ್ಟ. ಕೈ ಏನು ಮಾಡುತ್ತದೆ ಎಂದು ಗೊತ್ತಾಗುವ ಹಾಗೆ ನಡೆದುಕೊಂಡರೆ ಹತ್ತಿರ ಬರುತ್ತಾನೆ.

ಸೋಂಕು ವಾಸಿಯಾದ ಮೇಲೆ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದು ಮುಂದೆ ಕೇಳಿಯೇ ಕೇಳುತ್ತೀರಿ. ಆರೋಗ್ಯವಾಗಿರುವ ಕಿವಿಯನ್ನು ದಿನಾ ತೊಳೆಯಬಾರದು, ತೇವದಿಂದ ಒಳಗಿನ ಚರ್ಮ ಮೆತ್ತಗಾಗಿ ಇನ್ನೊಂದು ಸೋಂಕಿಗೆ ದಾರಿಯಾಗುತ್ತದೆ. ವಾರಕ್ಕೊಮ್ಮೆ ಹಾಲೆ ಎತ್ತಿ ನೋಡಿ, ಮೂಸಿ. ತಿಳಿ ಗುಲಾಬಿ ಬಣ್ಣ, ವಾಸನೆಯಿಲ್ಲ ಅಂದರೆ ಬಿಟ್ಟುಬಿಡಿ. ಹುಳಿ ವಾಸನೆ, ಕಂದು ಬಣ್ಣದ ಅಂಟು ಅಂದರೆ ಯೀಸ್ಟ್ ಇರಬಹುದು. ಕಾಫಿ ಪುಡಿಯಂಥ ಕಪ್ಪು ಪುಡಿ ಕಂಡರೆ ಕಿವಿ ನುಸಿ ಇರಬಹುದು. ಹಳದಿ ಕೀವು, ಕೆಟ್ಟ ನಾತ ಅಂದರೆ ತಡಮಾಡಬೇಡಿ. ಗುಂಡನಂತೆ ಪದೇ ಪದೇ ಸೋಂಕಾಗುವ ಕಾಕರ್‌ಗೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತೊಳೆಯಲು ಡಾಕ್ಟರು ಹೇಳಬಹುದು, ಅವರ ಮಾತೇ ಕೊನೆ. ಡ್ರಾಪ್ಸ್ ಹಾಕಿ ನಾಲ್ಕು ದಿನಕ್ಕೆ ಕಡಿಮೆಯಾಯಿತು ಎಂದು ನಿಲ್ಲಿಸಬೇಡಿ. ಮತ್ತೊಮ್ಮೆ ತೋರಿಸಿ, ಒಳಗೆ ಪೂರ್ತಿ ಹೋಗಿದೆ ಎಂದು ಅವರು ಹೇಳಿದ ಮೇಲೆ ನಿಲ್ಲಿಸಿ. ಮತ್ತೆ ಮತ್ತೆ ಬರುವ ಸೋಂಕುಗಳಲ್ಲಿ ಹೀಗೆ ಅರ್ಧಕ್ಕೆ ಬಿಟ್ಟವೂ ಸಾಕಷ್ಟು.

ಮಳೆಯಲ್ಲಿ ನೆನೆದು ಬಂದಾಗ, ಸ್ನಾನ ಮಾಡಿಸಿದಾಗ ಹಾಲೆಯ ಒಳಬದಿಯನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ. ಹಾಲೆಯ ಒಳಗೆ, ಕಿವಿಯ ಬಾಯಿಯ ಸುತ್ತ ಬೆಳೆದ ಕೂದಲನ್ನು ಕತ್ತರಿಸಿ ಸಣ್ಣದು ಮಾಡಿಸಿದರೆ ಗಾಳಿಯಾಡುತ್ತದೆ. ಕಿತ್ತು ತೆಗೆಸಬೇಡಿ, ಉರಿಯೂತವಾಗುತ್ತದೆ. ಊಟದ ಬಟ್ಟಲು ಅಗಲವಾಗಿದ್ದರೆ ಬದಲಿಸಿ. ಬಾಯಿ ಕಿರಿದಾಗಿ ಎತ್ತರವಿರುವ ಬಟ್ಟಲಾದರೆ ಮೂತಿ ಒಳಗೆ ಹೋಗುತ್ತದೆ, ಕಿವಿಗಳು ಹೊರಗೆ ಉಳಿಯುತ್ತವೆ, ಸಾರಿನಲ್ಲಿ ಅದ್ದುವುದಿಲ್ಲ.

ಗದ್ದ ಇಡುವ ಆಟವನ್ನು ಕಿವಿ ವಾಸಿಯಾಯಿತು ಎಂದು ಬಿಡಬೇಡಿ. ನಿಜವಾಗಿ ಒಂದು ಸಲ ತೊಳೆದರೆ, ಸುಮ್ನೆ ಹಾಲೆ ಎತ್ತಿ ತಿಂಡಿ ಕೊಟ್ಟು ಬಿಟ್ಟುಬಿಡುವುದು ಹತ್ತು ಸಲವಾದರೂ ಆಗಿರಬೇಕು. ನೀವು ಊರಿಗೆ ಹೋಗುವಾಗ ಗುಂಡನನ್ನು ಯಾರ ಹತ್ತಿರ ಬಿಟ್ಟು ಹೋಗುತ್ತೀರೋ ಅವರಿಗೂ ಟವೆಲ್ ಹಾಕಿ ತೋರಿಸಿಕೊಡಿ, ಗದ್ದ ಎತ್ತಿದರೆ ಕೈ ಬಿಡಬೇಕು ಎಂಬುದನ್ನು ಹೇಳಿಯೇ ಹೋಗಿ.